ಗುರುಪುರ ಹೊಳೆದಂಡೆಯ ಪೈಲಿಂಗ್: ಯಾವ ಪದರಕ್ಕೆ ಯಾವ ಬಕೆಟ್, ಮತ್ತು ನಾವು ಮಾಡಿದ ಒಂದು ಮಾರ್ಪಾಡು

ಮಂಗಳೂರಿನ ಹೊರವಲಯದಲ್ಲಿ, ಗುರುಪುರ ಹೊಳೆಗೆ ಹತ್ತಿರ, ಒಂದು ಗೋದಾಮಿಗೆ ಪೈಲ್ ಅಡಿಪಾಯ ಹಾಕುತ್ತಿದ್ದೇವೆ. ಅಂದರೆ ನೆಲದಲ್ಲಿ ಆಳವಾದ ರಂಧ್ರ (ಬೋರ್) ಕೊರೆದು, ಅದರೊಳಗೆ ಕಾಂಕ್ರೀಟ್ ಕಂಬ ಎರಕ ಹೊಯ್ಯುವುದು. ಪೈಲ್ ವ್ಯಾಸ 1000 ಮಿ.ಮೀ. ಆಳ ಸುಮಾರು 27 ಮೀಟರ್. ತುದಿ ಗಟ್ಟಿ ಬಂಡೆಯೊಳಗೆ ಕೂರಬೇಕು. ಕೊರೆಯುವ ಯಂತ್ರದ, ಅಂದರೆ ರಿಗ್‌ನ, ಟೂಲ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಬಕೆಟ್ (ತಳದಲ್ಲಿ ಹಲ್ಲು ಮತ್ತು ಬಾಯಿ ಇರುವ, ತಿರುಗುತ್ತಾ ಮಣ್ಣು ತುಂಬಿಕೊಳ್ಳುವ ಉಕ್ಕಿನ ಡಬ್ಬಿ) ಹಾಕಬೇಕು, ಯಾವಾಗ ತೆಗೆಯಬೇಕು, ಸವೆದ ಹಲ್ಲನ್ನು ಯಾವಾಗ ಬದಲಾಯಿಸಬೇಕು ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಈ ಸೈಟಿನಲ್ಲಿ ಒಂದೇ ಬೋರಿನಲ್ಲಿ ಭರ್ತಿ ಮಣ್ಣು, ಮರಳು, ಕೆಸರು, ಶೇಡಿ (ಕರಾವಳಿಯ ನುಣುಪಾದ ಹೂಳುಮಣ್ಣು), ಬಂಡೆ ಎಲ್ಲವೂ ಸಿಗುತ್ತವೆ. ಹಾಗಾಗಿ ಬಕೆಟ್ ಆಯ್ಕೆಯ ಬಗ್ಗೆ ಬರೆಯಲು ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಗಲಿಕ್ಕಿಲ್ಲ.

ಮೊದಲೇ ಒಂದು ಮಾತು. ಬಕೆಟ್ ಅಂದ ತಕ್ಷಣ ಎಲ್ಲರೂ ಹಲ್ಲು ನೋಡುತ್ತಾರೆ. ಕತ್ತರಿಸುತ್ತದಾ ಇಲ್ಲವಾ, ಅಷ್ಟೇ ಪ್ರಶ್ನೆ. ಆದರೆ ಬಕೆಟ್ ಕತ್ತರಿಸಿದ ಮಣ್ಣನ್ನು ನೀರಿನೊಳಗಿಂದ ಸೋರದ ಹಾಗೆ ಹಿಡಿದು ತರಬೇಕು. ಮೇಲೆ ಬಂದ ಮೇಲೆ ಸಲೀಸಾಗಿ ಸುರಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೋಗಿ ಬರುವಾಗ ಬೋರಿನ ಗೋಡೆ ಕೆಡಿಸಬಾರದು. ಮೆತ್ತನೆ ನೆಲದಲ್ಲಿ ಪೈಲ್ ಕೆಡುವುದು ಹಲ್ಲಿನಿಂದಲ್ಲ, ಬಕೆಟ್ ಏರಿಳಿಯುವ ರೀತಿಯಿಂದ. ಈ ಟಿಪ್ಪಣಿಯ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ನೆಲದ ಕೆಳಗೆ ಏನಿದೆ

ಮಣ್ಣು ಪರೀಕ್ಷೆಯ ಬೋರ್‌ಲಾಗ್ ಪ್ರಕಾರ ಮೇಲಿನ 2.5 ಮೀಟರ್ ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು, ಒಡೆದ ಕಟ್ಟಡದ ಕಲ್ಲುಮಣ್ಣು ತಂದು ಸುರಿದ ಭರ್ತಿ. ಅಲ್ಲಿಂದ 7 ಮೀಟರ್‌ವರೆಗೆ ಸಡಿಲವಾದ ಹೊಯ್ಗೆ, ಅಂದರೆ ಮರಳು. 7ರಿಂದ 14ರವರೆಗೆ ಚಿಪ್ಪು ಬೆರೆತ ಕಪ್ಪು ಕೆಸರು. 14ರಿಂದ 17 ಒರಟು ಮರಳು. 17ರಿಂದ 22 ಶೇಡಿ ಮಣ್ಣು. ಆಮೇಲೆ ಮೂರೂವರೆ ಮೀಟರ್ ಶಿಥಿಲ ಬಂಡೆ, 25.5ರಿಂದ ಕೆಳಗೆ ಗಟ್ಟಿ ನೈಸ್ (ಪಟ್ಟೆಪಟ್ಟೆ ಕಲ್ಲಿನ) ಬಂಡೆ. ನೀರು ನೆಲದಿಂದ ಒಂದೂವರೆ ಮೀಟರ್ ಕೆಳಗೇ ಸಿಗುತ್ತದೆ. ಕಡಲಿನ ಭರತ (ಉಬ್ಬರ) ಬಂದಾಗ ಇನ್ನೂ ಮೇಲೆ ಬರುತ್ತದೆ.

ಬೋರ್‌ಲಾಗ್‌ನಲ್ಲಿ ನಾನು ಮೊದಲು ನೋಡುವುದು ಎನ್ ವ್ಯಾಲ್ಯೂ. 63.5 ಕೆ.ಜಿ. ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಸ್ಯಾಂಪ್ಲರ್ ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅನ್ನುವ ಲೆಕ್ಕ ಅದು. ಇಲ್ಲಿ ಕೆಸರಿನಲ್ಲಿ ಅದು 2, 3. ಶಿಥಿಲ ಬಂಡೆಯಲ್ಲಿ 100 ದಾಟಿದೆ. ಆದರೆ ಎನ್ ವ್ಯಾಲ್ಯೂ ನೋಡಿ ಹಲ್ಲು ಆರಿಸಬಹುದೇ ಹೊರತು ಬಕೆಟ್ಟಿನ ತಳ ಹೇಗಿರಬೇಕು ಅನ್ನುವುದನ್ನು ಆರಿಸಲಾಗುವುದಿಲ್ಲ. ಅದಕ್ಕೆ ಮಣ್ಣಿನ ವಿವರಣೆ ಓದಬೇಕು. ಎನ್ 15 ಇರುವ ಮರಳಿಗೂ ಎನ್ 15 ಇರುವ ಜೇಡಿಗೂ ಬೇರೆ ಬೇರೆ ಬಕೆಟ್ ಬೇಕು.

ಮೇಲಿನ ಭರ್ತಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಪ್ಪಟೆ ಹಲ್ಲಿನ ಮಣ್ಣಿನ ಆಗರ್ (ಡಬ್ಬಿಯಿಲ್ಲದ, ಸುರುಳಿ ಆಕಾರದ ಟೂಲ್) ಹಾಕಿದರೆ ಮುರಕಲ್ಲಿನ ತುಂಡಿಗೆ ಬಡಿದು ಹಲ್ಲು ಮುರಿಯುತ್ತದೆ. ಬುಲೆಟ್ ಹಲ್ಲಿನ (ಚೂಪು ತುದಿಯ) ಆಗರ್ ಹಾಕಿ ನೀರು ಸಿಗುವವರೆಗೆ ಒಣದಾಗಿಯೇ ಕೊರೆದೆವು. ಆಗರ್ ಸುರುಳಿಯ ನಡುವೆ ಕಲ್ಲು ಸಿಕ್ಕಿಕೊಂಡು ಮೇಲೆ ಬರುತ್ತದೆ. ಅದೇ ಕಲ್ಲು ಬಕೆಟ್ಟಿನ ಬಾಯೊಳಗೆ ಹೋಗದೆ ತಳದಲ್ಲೇ ಉರುಳಾಡುತ್ತದೆ.

ಗೋಡೆ ಕುಸಿಯದಂತೆ ಬೋರಿನಲ್ಲಿ ತುಂಬುವ ಜೇಡಿ ಕಲಸಿದ ದ್ರವಕ್ಕೆ ಬೆಂಟೊನೈಟ್ ಅನ್ನುತ್ತೇವೆ. ಇಂಥ ಭರ್ತಿಯಲ್ಲಿ ಅದು ನಿಲ್ಲುವುದಿಲ್ಲ. ಕಲ್ಲಿನ ಸಂದಿಯಲ್ಲಿ ಹರಿದು ಹೋಗುತ್ತದೆ. ಹಾಗಾಗಿ ಕೇಸಿಂಗ್, ಅಂದರೆ ಗೋಡೆಗೆ ಆಸರೆಯಾಗುವ ಉಕ್ಕಿನ ಕೊಳವೆ, ಭರ್ತಿಯನ್ನು ಪೂರ್ತಿ ದಾಟಿ ಮರಳಿನೊಳಗೆ ಇಳಿಯಲೇಬೇಕು. ನಾವು 4 ಮೀಟರ್‌ವರೆಗೆ ಇಳಿಸಿದೆವು.

ಹೊಯ್ಗೆ ಪದರ

ನಿಜವಾದ ತಲೆನೋವು ಇಲ್ಲಿತ್ತು. ನಮಗಿಂತ ಮೊದಲು ಇನ್ನೊಂದು ತಂಡ ಇದೇ ಸೈಟಿನಲ್ಲಿ ಕೆಲವು ಪೈಲ್ ಮಾಡಿ ಹೋಗಿತ್ತು. ಅವರ ದಾಖಲೆಯಲ್ಲಿ ಪ್ರತಿ ಪೈಲ್‌ಗೂ ಕಾಂಕ್ರೀಟ್ ವಿಪರೀತ ಹೋಗಿದೆ. 1000 ಮಿ.ಮೀ. ವ್ಯಾಸ, 27 ಮೀಟರ್ ಆಳ ಅಂದರೆ ಲೆಕ್ಕಕ್ಕೆ 21.2 ಘನ ಮೀಟರ್. ಅವರಿಗೆ 26ರ ಆಸುಪಾಸು ಹಿಡಿದಿತ್ತು. ಟ್ರಾನ್ಸಿಟ್ ಮಿಕ್ಸರ್ ಒಂದೊಂದು ಸುರಿದಾಗ ಕಾಂಕ್ರೀಟ್ ಎಷ್ಟು ಏರಿತು ಅಂತ ಅವರು ಬರೆದಿಟ್ಟಿದ್ದರು. ಅದನ್ನು ಕೂತು ನೋಡಿದಾಗ ಗೊತ್ತಾಯಿತು: ಜಾಸ್ತಿ ಹೋದದ್ದು ಕೇಸಿಂಗ್ ಕೆಳಗಿನ ಮರಳಿನಲ್ಲಿ, ಮತ್ತೆ ಸ್ವಲ್ಪ ಶೇಡಿಯಲ್ಲಿ. ಅಂದರೆ ಅಲ್ಲಿ ಗೋಡೆ ಕುಸಿದು ಬೋರ್ ಅಗಲವಾಗಿದೆ.

ಬೆಂಟೊನೈಟ್ ಸರಿಯಿಲ್ಲ ಅನ್ನುವುದು ಎಲ್ಲರ ಮೊದಲ ಅನುಮಾನ. ಅದನ್ನೂ ನೋಡಿದೆವು. ಹೊಸದಾಗಿ ಕಲಸಿದ ಬೆಂಟೊನೈಟಿನ ಸಾಂದ್ರತೆ 1.03ರಿಂದ 1.10ರ ನಡುವೆ, ಮಾರ್ಷ್ ಕೋನ್‌ನಲ್ಲಿ (ದ್ರವ ಎಷ್ಟು ಮಂದ ಅಂತ ಅಳೆಯುವ ಆಲಿಕೆ) ಹರಿದು ಇಳಿಯಲು 30ರಿಂದ 60 ಸೆಕೆಂಡ್ ಇರಬೇಕು. ಹೊಳೆಯ ನೀರಿನಲ್ಲಿ ಉಪ್ಪಿದೆ. ಉಪ್ಪುನೀರಿನಲ್ಲಿ ಕಲಸಿದರೆ ಬೆಂಟೊನೈಟ್ ಉಬ್ಬುವುದಿಲ್ಲ, ಮುದ್ದೆಗಟ್ಟಿ ಕೆಳಗೆ ಕೂರುತ್ತದೆ. ಆದ್ದರಿಂದ ಸಿಹಿನೀರಿನ ಟ್ಯಾಂಕರ್ ತರಿಸಿ, ಹಿಂದಿನ ದಿನವೇ ಕಲಸಿಟ್ಟು ನೆನೆಯಲು ಬಿಟ್ಟೆವು. ಭರತದ ಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲೆ ಬೆಂಟೊನೈಟ್ ಇರುವಂತೆ ಕೇಸಿಂಗನ್ನು ನೆಲದಿಂದ ಎತ್ತರಕ್ಕೆ ನಿಲ್ಲಿಸಿದೆವು.

ಆಮೇಲೆ ಬಾಡಿಗೆ ಸೆಟ್ಟಿನಲ್ಲಿ ಬಂದಿದ್ದ ಮರಳು ಬಕೆಟ್ಟನ್ನು ಅಳೆದೆವು. ಹಿಂದಿನವರು ಬಳಸಿದ್ದೂ ಅದೇ ಬಕೆಟ್. ಹಲ್ಲು, ಸೈಡ್ ಕಟರ್ ಸೇರಿ ಕತ್ತರಿಸುವ ವ್ಯಾಸ 1000 ಮಿ.ಮೀ. ಸರಿಯಾಗಿದೆ. ಡಬ್ಬಿಯ ಹೊರ ವ್ಯಾಸ ಮಾತ್ರ 950. ಸುತ್ತಲೂ ಉಳಿಯುವ ಸಂದಿ ಬರೀ 25 ಮಿ.ಮೀ. ಮೇಲ್ಗಡೆ ಒಂದು ಸಣ್ಣ ವೆಂಟ್ ಪೈಪ್ (ದ್ರವ ಕೆಳಗಿಳಿಯಲು ಇರುವ ಕೊಳವೆ) ಇತ್ತು. ಅದರೊಳಗೆ ಒಣಗಿದ ಮಣ್ಣು ಕಲ್ಲಿನ ಹಾಗೆ ಕೂತಿತ್ತು. ನಮ್ಮ ವೆಲ್ಡರ್ ಕುಂದಾಪುರದವರು, ಈ ಕೆಲಸದಲ್ಲಿ ನನಗಿಂತ ಹಿರಿಯರು. ಸುತ್ತಿಗೆಯಿಂದ ಅದನ್ನು ತಟ್ಟಿ ನೋಡಿ, "ಇದಕ್ಕೆ ನೀರು ಇಳಿಲಿಕ್ಕೆ ದಾರಿಯೇ ಇಲ್ಲ ಮಾರಾಯ್ರೆ" ಅಂದರು.

ಅವರು ಹೇಳಿದ್ದು ಎಷ್ಟು ಸರಿ ಅನ್ನುವುದಕ್ಕೆ ಸಣ್ಣ ಲೆಕ್ಕ ಮಾಡೋಣ. 1000 ಮಿ.ಮೀ. ಬೋರಿನ ಅಡ್ಡಕೊಯ್ತ 0.785 ಚದರ ಮೀಟರ್. ಹೋಲಿಕೆಗೆ ಮೊದಲು ಡಬ್ಬಿ 900 ಮಿ.ಮೀ. ಅಂತಿಟ್ಟುಕೊಳ್ಳೋಣ. ಅದು ಅದರಲ್ಲಿ 0.636 ತುಂಬುತ್ತದೆ, ಸುತ್ತ 0.149 ಉಳಿಯುತ್ತದೆ. ಬಕೆಟ್ ಮೇಲೇರುವಾಗ ಅದರ ತಲೆಯ ಮೇಲಿನ ಬೆಂಟೊನೈಟ್ ಈ ಸಂದಿಯಿಂದಲೇ ಕೆಳಗಿಳಿಯಬೇಕು. 0.636 ಭಾಗಿಸು 0.149, ಸುಮಾರು 4.3. ಅಂದರೆ ಬಕೆಟ್ ಸೆಕೆಂಡಿಗೆ ಅರ್ಧ ಮೀಟರ್ ಏರಿದರೆ ಸಂದಿಯಲ್ಲಿ ಬೆಂಟೊನೈಟ್ ಸೆಕೆಂಡಿಗೆ ಎರಡು ಮೀಟರ್‌ಗೂ ಜಾಸ್ತಿ ವೇಗದಲ್ಲಿ ಗೋಡೆಯನ್ನು ತೊಳೆಯುತ್ತಾ ಇಳಿಯುತ್ತದೆ.

ಈಗ ನಮಗೆ ಬಂದಿದ್ದ 950ರ ಡಬ್ಬಿ. ಅದು ತುಂಬುವುದು 0.709, ಉಳಿಯುವುದು 0.077. ಭಾಗಿಸಿದರೆ 9.2. ವ್ಯಾಸದಲ್ಲಿ 50 ಮಿ.ಮೀ. ಜಾಸ್ತಿಯಾಗಿದ್ದಕ್ಕೆ ವೇಗ ಎರಡು ಪಟ್ಟಿಗೂ ಮೇಲೆ ಹೋಯಿತು. ಅದೇ ಅರ್ಧ ಮೀಟರ್ ಏರಿಕೆಗೆ ಸೆಕೆಂಡಿಗೆ 4.6 ಮೀಟರ್. ಸಡಿಲ ಹೊಯ್ಗೆ ಇದನ್ನು ತಡೆಯುವುದಿಲ್ಲ. ಜೊತೆಗೆ, ದ್ರವ ಇಳಿಯಲು ತಡವಾದಷ್ಟೂ ಬಕೆಟ್ಟಿನ ಕೆಳಗೆ ಒತ್ತಡ ಕಡಿಮೆಯಾಗುತ್ತದೆ. ಸಿರಿಂಜಿನ ದಂಡ ಎಳೆದ ಹಾಗೆ ಬಕೆಟ್ ಗೋಡೆಯ ಮರಳನ್ನು ಒಳಕ್ಕೆ ಎಳೆಯುತ್ತದೆ. ಬೆಂಟೊನೈಟ್ ಎಷ್ಟೇ ಒಳ್ಳೆಯದಿದ್ದರೂ ಅದರ ತಲೆಯೊತ್ತಡವೇ ಆ ಕ್ಷಣಕ್ಕೆ ಇಲ್ಲವಾಗುತ್ತದೆ.

ಹೊಸ ಬಕೆಟ್ ತರಿಸಲು ಸಮಯ ಹಿಡಿಯುತ್ತಿತ್ತು. ಇರುವುದನ್ನೇ ಸರಿಮಾಡೋಣ ಅಂತ ತೀರ್ಮಾನಿಸಿದೆವು. ಬಾಡಿಗೆ ಕೊಟ್ಟವರ ಒಪ್ಪಿಗೆ ಪಡೆದೇ ಗ್ಯಾಸ್ ಕಟರ್ ಹಚ್ಚಿದ್ದು.

ಬಕೆಟ್ ಬಿಚ್ಚಿ ಕಟ್ಟಿದ್ದು

ಯೋಚನೆ ಸರಳ. ಡಬ್ಬಿಯ ಗೋಡೆಯಲ್ಲಿ ಮೇಲಿಂದ ಕೆಳಗೆ ಮೂರು ಕಡೆ ಕಾಲುವೆ ಮಾಡುವುದು, ಬೆಂಟೊನೈಟ್ ಅದರಲ್ಲಿ ಇಳಿಯಲಿ. ಎಂಟಿಂಚಿನ ಪೈಪನ್ನು ಉದ್ದಕ್ಕೆ ಸೀಳಿ ಅರ್ಧ ಪೈಪ್ ಮಾಡಿಕೊಂಡೆವು. ಡಬ್ಬಿಯಲ್ಲಿ ಅಷ್ಟೇ ಅಗಲದ ಪಟ್ಟಿ ಕತ್ತರಿಸಿ ತೆಗೆದು, ಅರ್ಧ ಪೈಪನ್ನು ಒಳಮುಖವಾಗಿ ಕೂರಿಸಿ ವೆಲ್ಡ್ ಮಾಡಿದೆವು. ಹೊರಗಿನಿಂದ ನೋಡಿದರೆ ಮೂರು ಆಳವಾದ ತೋಡು ಕಾಣುತ್ತದೆ, ಒಳಗಿನಿಂದ ಮೂರು ಉಬ್ಬು. ಒಂದೇ ಸಲ ಮೂರೂ ಪಟ್ಟಿ ಕತ್ತರಿಸಲಿಲ್ಲ. ಹಾಗೆ ಮಾಡಿದರೆ ಡಬ್ಬಿ ತಿರುಚಿಕೊಳ್ಳುತ್ತದೆ. ಒಳಗೆ ಅಡ್ಡ ಪಟ್ಟಿಗೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹಾಕಿ ಬಿಗಿ ಮಾಡಿ, ಒಂದು ಕಾಲುವೆ ಪೂರ್ತಿ ಮುಗಿಸಿ, ತಣ್ಣಗಾದ ಮೇಲೆ ಇನ್ನೊಂದಕ್ಕೆ ಹೋದೆವು. ಮೇಲಿನ ಪ್ಲೇಟನ್ನೂ ಅಲ್ಲಲ್ಲಿ ಕತ್ತರಿಸಿ ಕಾಲುವೆಯ ಬಾಯಿ ತೆರೆದೆವು.

ತಳದ ಪ್ಲೇಟಿನಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ಇದು ಡಬಲ್ ಬಾಟಮ್ ಬಕೆಟ್. ತಳದಲ್ಲಿ ಒಂದರ ಕೆಳಗೊಂದು ಎರಡು ಪ್ಲೇಟ್. ಕೊರೆಯುವ ದಿಕ್ಕಿಗೆ ತಿರುಗಿಸಿದಾಗ ಎರಡರ ಬಾಯಿ ಒಂದಕ್ಕೊಂದು ಸೇರಿ ಮಣ್ಣು ಒಳಗೆ ಬರುತ್ತದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಒಂದು ಪ್ಲೇಟ್ ಸರಿದು ಬಾಯಿ ಮುಚ್ಚುತ್ತದೆ. ನೀರಿನೊಳಗಿನ ಸಡಿಲ ಮರಳಿಗೆ ಇದೇ ಬೇಕು. ಸಿಂಗಲ್ ಬಾಟಮ್ ಬಕೆಟ್ಟಿನ ಬಾಗಿಲ ಸಂದಿಯಿಂದ ಅರ್ಧ ಮರಳು ದಾರಿಯಲ್ಲೇ ಸೋರಿಹೋಗುತ್ತದೆ. ಕಾಲುವೆಯ ಕೆಳಬಾಯಿ ತೆರೆದಿರಬೇಕಾದರೆ ಎರಡೂ ಪ್ಲೇಟಿನ ಅಂಚಿನಲ್ಲಿ ಕಚ್ಚು ಕತ್ತರಿಸಬೇಕು. ಯಾವ ಸ್ಥಿತಿಯಲ್ಲಿ ಕಚ್ಚುಗಳು ಹೊಂದಬೇಕು? ಬಾಯಿ ಮುಚ್ಚಿದ ಸ್ಥಿತಿಯಲ್ಲಿ. ಬಕೆಟ್ ಮೇಲೆ ಬರುವುದು ಮುಚ್ಚಿಕೊಂಡೇ ಅಲ್ವಾ? ಹಾಗಾಗಿ ಪ್ಲೇಟ್ ಮುಚ್ಚಿ, ಗುರುತು ಹಾಕಿ, ಆಮೇಲೆ ಕತ್ತರಿಸಿದೆವು.

ತಳ ಬಿಚ್ಚಿದ್ದರಿಂದ ಸೆಂಟರ್ ಪಿನ್ ಕೂಡ ನೋಡಿದೆವು. ಬುಷ್ ಸವೆದು ಎರಡು ಪ್ಲೇಟಿನ ನಡುವೆ 8 ಮಿ.ಮೀ. ಬಿರುಕು ಬಿದ್ದಿತ್ತು. ಹೊಯ್ಗೆ ಸೋರಲು ಅಷ್ಟು ಸಾಕು. ಹೊಸ ಬುಷ್ ತಿರುವಿಸಿ ಹಾಕಿ, ಸವೆದ ಜಾಗಕ್ಕೆ ವೇರ್ ಪ್ಲೇಟ್ ಕೊಟ್ಟು, ಬಿರುಕನ್ನು 3 ಮಿ.ಮೀ.ಗೆ ತಂದೆವು. ಇನ್ನೂ ಬಿಗಿ ಮಾಡಬಾರದು. ಮರಳಿನ ಕಾಳು ಸಿಕ್ಕಿ ಪ್ಲೇಟ್ ಕಚ್ಚಿಕೊಳ್ಳುತ್ತದೆ.

ಈ ಕೆಲಸ ಮಾಡುವಾಗ ಬಕೆಟ್ ಕೆಲ್ಲಿ ಬಾರಿಗೆ (ಬಕೆಟ್ಟನ್ನು ಹಿಡಿದು ತಿರುಗಿಸುವ ರಿಗ್‌ನ ಉದ್ದ ದಂಡ) ತೂಗಿಕೊಂಡಿರಬಾರದು. ನೆಲದ ಮೇಲೆ ಅಡ್ಡ ಮಲಗಿಸಿ, ಎರಡೂ ಕಡೆ ಕಟ್ಟೆ ಕೊಟ್ಟು, ತಳದ ಬಾಗಿಲಿಗೆ ಸರಪಳಿ ಬಿಗಿದಿರಬೇಕು. ಲಾಚ್ ಹಾರಿ ಬಾಗಿಲು ತೆರೆದುಕೊಂಡರೆ ಅದರ ತೂಕಕ್ಕೆ ಕೈಕಾಲು ಉಳಿಯುವುದಿಲ್ಲ. ಈ ವಿಷಯದಲ್ಲಿ ಅವಸರ ಮಾಡುವವರನ್ನು ನಾನು ಸೈಟಿನಿಂದ ಹೊರಗೆ ಕಳಿಸುತ್ತೇನೆ.

ಮತ್ತೆ ಲೆಕ್ಕಕ್ಕೆ ಬಂದರೆ, ಮೂರು ಕಾಲುವೆಯಿಂದ ಸುಮಾರು 0.047 ಚದರ ಮೀಟರ್ ದಾರಿ ಸಿಕ್ಕಿತು. ಒಟ್ಟು ದಾರಿ 0.124, ಬಕೆಟ್ ತುಂಬುವುದು 0.662. ಭಾಗಿಸಿದರೆ 5.3. 900ರ ಡಬ್ಬಿಯಷ್ಟು ಒಳ್ಳೆಯದಲ್ಲ, ಆದರೆ 9.2ಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಬಕೆಟ್ಟಿನ ಹಿಡಿತ 0.79 ಘನ ಮೀಟರ್‌ನಿಂದ ಸುಮಾರು 0.73ಕ್ಕೆ ಇಳಿಯಿತು. ಆ ನಷ್ಟ ನನಗೆ ದೊಡ್ಡದು ಅನಿಸಲಿಲ್ಲ.

ಕೊರೆದ ಮಣ್ಣು ಉಬ್ಬುತ್ತದೆ. ಕಾಲು ಭಾಗ ಉಬ್ಬುತ್ತದೆ ಅಂತಿಟ್ಟುಕೊಂಡರೆ 0.73ರ ಬಕೆಟ್ ತುಂಬುವುದು ಸುಮಾರು 74 ಸೆಂ.ಮೀ. ಆಳಕ್ಕೆ. ಆಪರೇಟರಿಗೆ ನಾನು ಹೇಳಿದ್ದು: ಒಂದು ಸಲಕ್ಕೆ 55 ಸೆಂ.ಮೀ. ಸಾಕು. ಪೂರ್ತಿ ತುಂಬಿಸಿದರೆ ಮರಳು ಒಳಗೆ ಅದುಮಿಕೊಂಡು ಮೇಲಿನ ಪ್ಲೇಟಿಗೆ ಒತ್ತುತ್ತದೆ, ಪಕ್ಕದಿಂದ ಉಕ್ಕಿ ಕಾಲುವೆಯ ಬಾಯಿಗೆ ಬೀಳುತ್ತದೆ. ಆಗ ನಾವು ಮಾಡಿದ ಕೆಲಸವೆಲ್ಲ ವ್ಯರ್ಥ. ಕೊರೆದ ಮೇಲೆ ಹಿಂದಕ್ಕೆ ತಿರುಗಿಸಿ ಬಾಯಿ ಮುಚ್ಚಿ, ಮೊದಲ ಒಂದು ಮೀಟರ್ ತೀರಾ ನಿಧಾನಕ್ಕೆ ಎತ್ತಬೇಕು. ತಳ ಬಿಟ್ಟು ಮೇಲೇಳುವ ಆ ಕ್ಷಣದಲ್ಲೇ ಎಳೆತ ಅತಿ ಜಾಸ್ತಿ. ಕೇಸಿಂಗ್ ಒಳಗೆ ಬಂದ ಮೇಲೆ ಬೇಕಾದರೆ ವೇಗ ಕೊಡಬಹುದು.

ಕೆಸರು

ಮರಳಿನ ಬಕೆಟ್ಟನ್ನೇ ಕೆಸರಿಗೂ ಮುಂದುವರಿಸಬಾರದಾ ಅಂತ ಕೇಳುವವರಿದ್ದಾರೆ. ಕೊರೆಯುತ್ತದೆ, ತರುತ್ತದೆ, ಆದರೆ ಸುರಿಯುವುದಿಲ್ಲ. ಡಬಲ್ ಬಾಟಮ್‌ನ ಸಣ್ಣ ಬಾಯಿಯಲ್ಲಿ ಅಂಟು ಜೇಡಿ ಸಿಕ್ಕಿಕೊಳ್ಳುತ್ತದೆ. ಆಗ ಆಪರೇಟರ್ ಕೆಲ್ಲಿ ಬಾರನ್ನು ಹಿಂದೆ ಮುಂದೆ ಜಗ್ಗಿ ಕೊಡವಲು ಶುರು ಮಾಡುತ್ತಾನೆ. ಕೆಲ್ಲಿಯ ಪಿನ್, ಬಾಕ್ಸ್, ಹಗ್ಗ ಎಲ್ಲಕ್ಕೂ ಅದು ಕೆಟ್ಟದ್ದು.

ಇಲ್ಲಿ ನಾವು ಹಾಕಿದ್ದು ಸಿಂಗಲ್ ಬಾಟಮ್ ಬಕೆಟ್. ಬಾಯಿ ಒಂದೇ, ಆದರೆ ಅಗಲ. ಚಪ್ಪಟೆ ಹಲ್ಲು. ಡಬ್ಬಿಯ ಒಳಗೆ ಯಾವ ಪಟ್ಟಿಯೂ ಇಲ್ಲ, ಹಳೆಯ ವೆಲ್ಡಿಂಗ್ ಉಬ್ಬುಗಳನ್ನು ಕೂಡ ಗ್ರೈಂಡ್ ಮಾಡಿ ನುಣುಪು ಮಾಡಿದ್ದೆವು. ಒಳಗೆ ಏನು ಚಾಚಿಕೊಂಡಿದ್ದರೂ ಜೇಡಿ ಅದನ್ನು ಹಿಡಿದುಕೊಂಡು ನೇತಾಡುತ್ತದೆ. ಪ್ರತಿ ಸಲ ಸುರಿದ ಮೇಲೆ ಒಬ್ಬ ಹೆಲ್ಪರ್ ಕಬ್ಬಿಣದ ಸರಳಿನಿಂದ ವೆಂಟ್ ಪೈಪ್ ತೂರಿ ನೋಡಬೇಕು. ಜೇಡಿಯಲ್ಲಿ ಅದು ಬೇಗ ಮುಚ್ಚಿಹೋಗುತ್ತದೆ. ಮುಚ್ಚಿದರೆ ಬಕೆಟ್ ತಳಕ್ಕೆ ಅಂಟಿಕೊಂಡು ಮೇಲೇಳುವುದೇ ಇಲ್ಲ. ಬಲವಂತವಾಗಿ ಎಳೆದರೆ ಮೆತ್ತನೆ ಗೋಡೆ ಒಳಕ್ಕೆ ಬಾಗಿ ಬೋರ್ ಕಿರಿದಾಗುತ್ತದೆ. ಮರಳಿನಲ್ಲಿ ಬೋರ್ ಅಗಲವಾಗುವುದು ಕಾಂಕ್ರೀಟಿನ ನಷ್ಟ ಮಾತ್ರ. ಕೆಸರಿನಲ್ಲಿ ಕಿರಿದಾಗುವುದು ಪೈಲ್‌ನ ಕುತ್ತಿಗೆಯೇ ಸಣ್ಣಗಾದಂತೆ. ಅದಕ್ಕೇ ಇಲ್ಲಿ ನಾನು ಹೆಚ್ಚು ಹೆದರುವುದು.

ಹುಬ್ಬಳ್ಳಿ, ವಿಜಯಪುರ ಕಡೆಯ ಎರೆ ಮಣ್ಣು ಕೂಡ ಅಂಟೇ, ಆದರೆ ಅಲ್ಲಿ ಆಯ್ಕೆ ಬೇರೆ. ನೀರು ಆಳದಲ್ಲಿದ್ದು ಬೋರ್ ಒಣದಾಗಿ ನಿಂತರೆ ಅಲ್ಲಿ ಬಕೆಟ್ಟಿಗಿಂತ ಅಗಲ ಸುರುಳಿಯ ಆಗರ್ ಒಳ್ಳೆಯದು. ಮೇಲೆತ್ತಿ ಜೋರಾಗಿ ತಿರುಗಿಸಿದರೆ ಮಣ್ಣು ಬಿಟ್ಟುಕೊಳ್ಳುತ್ತದೆ. ಅದೇ ಆಗರನ್ನು ಇಲ್ಲಿನ ಬೆಂಟೊನೈಟ್ ತುಂಬಿದ ಬೋರಿನಲ್ಲಿ ಹಾಕಿದರೆ ಮೇಲೆ ಬರುವಷ್ಟರಲ್ಲಿ ಅರ್ಧ ಮಣ್ಣು ತೊಳೆದುಹೋಗಿರುತ್ತದೆ.

ಕೆಸರಿನ ಕೆಳಗಿನ ಒರಟು ಮರಳಿಗೆ ಮತ್ತೆ ಮಾರ್ಪಾಡಿನ ಡಬಲ್ ಬಾಟಮ್. ಬಕೆಟ್ ಬದಲಾಯಿಸುವುದು ಅಂದರೆ ಒಂದು ಪಿನ್ ತೆಗೆದು ಹಾಕುವ ಕೆಲಸ. ಅದಕ್ಕೆ ಬೇಸರ ಪಟ್ಟುಕೊಂಡು ಒಂದೇ ಬಕೆಟ್ಟಿನಲ್ಲಿ ಕೊನೆವರೆಗೆ ಹೋಗುವವರ ಪೈಲ್ ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶೇಡಿ

ಕರಾವಳಿಯವರಿಗೆ ಶೇಡಿ ಮಣ್ಣಿನ ಪರಿಚಯ ಹೇಳಬೇಕಿಲ್ಲ. ಮುರಕಲ್ಲಿನ ಕೆಳಗೆ ಬಹಳ ಕಡೆ ಸಿಗುವ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಮಣ್ಣು. ಒಣಗಿದ್ದಾಗ ಗುಡ್ಡ ಕಡಿದರೂ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ. ಮಳೆಗಾಲದಲ್ಲಿ ಇಲ್ಲಿ ಗುಡ್ಡ ಜರಿಯುವ ಎಷ್ಟೋ ಕಡೆ ಇದರ ಕೈವಾಡವಿದೆ.

ಎನ್ ವ್ಯಾಲ್ಯೂ 20, 30 ಅಂತ ನೋಡಿ ಇದನ್ನು ಗಟ್ಟಿ ಜೇಡಿ ಅಂದುಕೊಂಡರೆ ಸಿಂಗಲ್ ಬಾಟಮ್ ಹಾಕುತ್ತೀರಿ. ಆದರೆ ಇದರಲ್ಲಿ ಜೇಡಿಗಿಂತ ಹೂಳಿನ ಅಂಶ ಜಾಸ್ತಿ. ಬಕೆಟ್ಟಿನಲ್ಲಿ ಕಲಕಿದ ತಕ್ಷಣ ಸಡಿಲವಾಗಿ ಬಾಗಿಲ ಸಂದಿಯಿಂದ ಹರಿದು ಹೋಗುತ್ತದೆ. ಹಾಗಾಗಿ ನಾವು ಮರಳಿನಂತೆಯೇ ಡಬಲ್ ಬಾಟಮ್‌ನಲ್ಲಿ, ಸಣ್ಣ ಸಣ್ಣ ತುತ್ತಿನಲ್ಲಿ ತೆಗೆದೆವು. ಎತ್ತುವ ವೇಗವೂ ಮರಳಿನದೇ. ಬೆಂಟೊನೈಟಿಗೆ ಇಲ್ಲಿ ಬೇಗ ಹೂಳು ಸೇರುತ್ತದೆ, ಭಾರವಾಗುತ್ತದೆ. ಡಿಸ್ಯಾಂಡರ್ ಯಂತ್ರ ಬೆಂಟೊನೈಟಿನಿಂದ ಮರಳನ್ನು ತೆಗೆಯುತ್ತದೆ, ಶೇಡಿಯ ನುಣುಪು ಕಣವನ್ನು ಪೂರ್ತಿ ತೆಗೆಯುವುದಿಲ್ಲ. ಹಳೆಯದನ್ನು ಚೆಲ್ಲಿ ಹೊಸತು ಕಲಸುವುದೇ ದಾರಿ. ಶೇಡಿ ತಲುಪಿದ ಮೇಲೆ ಬೋರನ್ನು ರಾತ್ರಿಯಿಡೀ ಬಿಡುವುದಿಲ್ಲ ಅನ್ನುವುದು ನಮ್ಮ ನಿಯಮ. ಬೆಳಿಗ್ಗೆ ಶೇಡಿ ಮುಟ್ಟಿದರೆ ಮಾತ್ರ ಮುಂದಕ್ಕೆ, ಇಲ್ಲದಿದ್ದರೆ ಶೇಡಿ ಮುಟ್ಟುವ ಮೊದಲೇ ನಿಲ್ಲಿಸಿ ಮರುದಿನ ಶುರು.

ಬಂಡೆ ಮತ್ತು ಹಲ್ಲು

22 ಮೀಟರ್‌ನಲ್ಲಿ ಶಿಥಿಲ ಬಂಡೆ ಶುರು. ಮುಷ್ಟಿಯಲ್ಲಿ ಹಿಸುಕಿದರೆ ಪುಡಿಯಾಗುವ, ಆದರೆ ಕಲ್ಲಿನ ಪಟ್ಟೆ ಹಾಗೇ ಉಳಿದಿರುವ ಚೂರುಗಳು ಬರಲು ಶುರುವಾದವು. ಇಲ್ಲಿಗೆ ಬುಲೆಟ್ ಹಲ್ಲಿನ ರಾಕ್ ಬಕೆಟ್. ತಳದ ಪ್ಲೇಟ್ ದಪ್ಪ, ಬಾಯಿ ಸಣ್ಣ, ಹಲ್ಲಿನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್. ಚಪ್ಪಟೆ ಹಲ್ಲು ಮಣ್ಣನ್ನು ಕೆತ್ತುತ್ತದೆ, ಬುಲೆಟ್ ಹಲ್ಲು ಬಂಡೆಯನ್ನು ಒಂದು ಬಿಂದುವಿನಲ್ಲಿ ಒತ್ತಿ ಒಡೆಯುತ್ತದೆ. ಅದಕ್ಕೆ ಒತ್ತಡ ಬೇಕು. ಒಂದರೊಳಗೊಂದು ಲಾಕ್ ಆಗುವ ಕೆಲ್ಲಿ ಬಾರ್ ಇದ್ದರೆ ಮಾತ್ರ ರಿಗ್‌ನ ಒತ್ತಡ ತಳದವರೆಗೆ ಸರಿಯಾಗಿ ಮುಟ್ಟುತ್ತದೆ. ಹಾಗೆ ಲಾಕ್ ಆಗದ ಫ್ರಿಕ್ಷನ್ ಕೆಲ್ಲಿ ಮೆತ್ತನೆ ನೆಲಕ್ಕೆ ಸರಿ, ಬಂಡೆಗಲ್ಲ.

ಬುಲೆಟ್ ಹಲ್ಲು ತನ್ನ ಹೋಲ್ಡರಿನೊಳಗೆ ಸುಲಭವಾಗಿ ತಿರುಗಬೇಕು. ತಿರುಗಿದರೆ ಸುತ್ತಲೂ ಸಮನಾಗಿ ಸವೆದು ಚೂಪಾಗಿಯೇ ಉಳಿಯುತ್ತದೆ. ಮಣ್ಣು ಸೇರಿ ಕಚ್ಚಿಕೊಂಡರೆ ಒಂದೇ ಬದಿ ಸವೆದು, ಕಾರ್ಬೈಡ್ ಉದುರಿ, ಹೋಲ್ಡರೇ ಬಂಡೆಗೆ ಉಜ್ಜಲು ಶುರುವಾಗುತ್ತದೆ. ಪ್ರತಿ ಪೈಲ್ ಆದ ಮೇಲೆ ನೀರಿನ ಜೆಟ್‌ನಿಂದ ತೊಳೆದು, ಒಂದೊಂದು ಹಲ್ಲನ್ನೂ ಕೈಯಲ್ಲಿ ತಿರುಗಿಸಿ ನೋಡುತ್ತೇವೆ.

ಇಲ್ಲಿ ಎರಡು ಹೋಲ್ಡರ್ ಸವೆದುಹೋಗಿದ್ದವು. ಹೊಸದನ್ನು ವೆಲ್ಡ್ ಮಾಡುವ ಕ್ರಮ ಹೀಗೆ: ಹಳೆಯದನ್ನು ಕತ್ತರಿಸಿ ಜಾಗವನ್ನು ಗ್ರೈಂಡ್ ಮಾಡಿ ಹೊಳೆಯುವ ಉಕ್ಕು ಕಾಣಬೇಕು. ಹೋಲ್ಡರ್ ಮತ್ತು ಪ್ಲೇಟ್ ಎರಡನ್ನೂ ಗ್ಯಾಸ್ ಜ್ವಾಲೆಯಿಂದ 150ರಿಂದ 200 ಡಿಗ್ರಿಗೆ ಬಿಸಿ ಮಾಡಬೇಕು. ಓವನ್‌ನಲ್ಲಿ ಒಣಗಿಸಿದ 7018 ವೆಲ್ಡಿಂಗ್ ರಾಡ್ ಬಳಸಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಡಬ್ಬಿ ತೆರೆದಿಟ್ಟ ರಾಡ್ ಬಳಸಿದರೆ ವೆಲ್ಡ್ ಒಳಗೊಳಗೇ ಸೀಳುತ್ತದೆ. ಮುಗಿದ ಮೇಲೆ ನೀರು ಸುರಿಯಬಾರದು, ಒಣ ಮರಳು ಮುಚ್ಚಿ ತಾನಾಗಿ ತಣಿಯಲು ಬಿಡಬೇಕು.

ಹೋಲ್ಡರ್ ಎಲ್ಲಿ ಕೂರಬೇಕು ಅನ್ನುವುದಕ್ಕೆ ನಮ್ಮ ವೆಲ್ಡರ್ ಒಂದು ಸುಲಭದ ಪರೀಕ್ಷೆ ಮಾಡುತ್ತಾರೆ. ಟ್ಯಾಕ್ ಹಾಕಿದ ಮೇಲೆ, ನಡುವಿನ ಪೈಲಟ್ ಬಿಟ್ಟಿಗೆ (ತಳದ ನಡುವೆ ಚಾಚಿರುವ ಚೂಪು ತುದಿ) ತೂತು ಬಿಟ್ಟ ಪ್ಲೈವುಡ್ ಹಾಳೆಯ ಮೇಲೆ ಬಕೆಟ್ ಇಳಿಸಿ ಒಂದು ಸುತ್ತು ತಿರುಗಿಸುತ್ತಾರೆ. ಪ್ರತಿ ಹಲ್ಲೂ ಒಂದೊಂದು ವೃತ್ತ ಗೀಚುತ್ತದೆ. ವೃತ್ತಗಳ ನಡುವಿನ ಅಂತರ ಸಮನಾಗಿರಬೇಕು. ಎರಡು ಹಲ್ಲು ಒಂದೇ ಗೆರೆಯಲ್ಲಿ ಓಡಿದರೆ ಪಕ್ಕದಲ್ಲಿ ಬಂಡೆಯ ದಿಬ್ಬ ಒಡೆಯದೆ ಉಳಿದು ಬಕೆಟ್ ಅದರ ಮೇಲೆ ಕುಣಿಯುತ್ತದೆ. ಇದು ಸರಿಯಾದ ಮೇಲೆಯೇ ಪೂರ್ತಿ ವೆಲ್ಡಿಂಗ್.

ಒಂದು ಬೋರಿನಲ್ಲಿ 23 ಮೀಟರ್‌ನಲ್ಲೇ ರಿಗ್ ತಡೆಯಿತು. ಗಟ್ಟಿ ಬಂಡೆ ಸಿಕ್ಕಿತು ಅಂತ ಕ್ಲೈಂಟ್ ಕಡೆಯವರಿಗೆ ಖುಷಿ. ಆಪರೇಟರ್ ಗದಗದ ಕಡೆಯವನು, ಕೈಯಲ್ಲಿ ಅನುಭವವಿದೆ. "ಸರ್, ಇದು ಬಂಡೆ ಅಲ್ಲ, ಗುಂಡುಕಲ್ಲು. ಒಂದೇ ಕಡೆ ಬಡೀತಿದೆ" ಅಂದ. ಟಾರ್ಕ್ ಮುಳ್ಳು ಪ್ರತಿ ಸುತ್ತಿಗೂ ಒಮ್ಮೆ ಏರಿ ಇಳಿಯುತ್ತಿತ್ತು. ಪೂರ್ತಿ ಬಂಡೆಯಾದರೆ ಅದು ಸಮನಾಗಿ ಮೇಲೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಅಲ್ಲಿ ಶಿಥಿಲ ನೈಸ್ ಮಣ್ಣಿನ ನಡುವೆ ಕರಗದೆ ಉಳಿದ ಗುಂಡುಗಳು ಬಹಳ, ಪಕ್ಕಪಕ್ಕದ ಪೈಲ್‌ಗಳಲ್ಲೇ ಬಂಡೆಯ ಆಳ ಬೇರೆ ಇರುತ್ತದೆ. ಅರ್ಧ ಗುಂಡು ಅರ್ಧ ಮಣ್ಣು ಇರುವಲ್ಲಿ ಬಕೆಟ್ ಒತ್ತಿದರೆ ಅದು ಮೆತ್ತನೆ ಕಡೆಗೆ ಜಾರುತ್ತದೆ, ಬೋರ್ ಓರೆಯಾಗುತ್ತದೆ. ಪೈಲ್ ಕೆಲಸದ ಭಾರತೀಯ ಮಾನದಂಡ ಐಎಸ್ 2911 ಒಪ್ಪುವ ಓರೆ 1.5 ಶೇಕಡಾ ಮಾತ್ರ. ಬಕೆಟ್ ತೆಗೆದು ಕೋರ್ ಬ್ಯಾರೆಲ್ ಹಾಕಿದೆವು. ಅದರ ಉದ್ದ ಕೊಳವೆ ಬೋರಿನ ಗೋಡೆಗೆ ಆತು ನೇರ ಇಳಿಯುತ್ತದೆ, ಗುಂಡನ್ನು ಸುತ್ತಲೂ ಕತ್ತರಿಸುತ್ತದೆ. ಗುಂಡು ದಾಟಿದ ಮೇಲೆ ಮತ್ತೆ ಎರಡು ಮೀಟರ್‌ಗೂ ಜಾಸ್ತಿ ಶಿಥಿಲ ಬಂಡೆಯೇ ಸಿಕ್ಕಿತು.

ಕೊನೆಯ ಒಂದೂವರೆ ಮೀಟರ್ ಗಟ್ಟಿ ಬಂಡೆಯಲ್ಲಿ 1000 ಮಿ.ಮೀ. ಬಕೆಟ್ಟನ್ನು ಸುಮ್ನೆ ಉಜ್ಜುತ್ತಾ ಕೂತರೆ ಹಲ್ಲು ಕಾಯುತ್ತದೆ, ಮೊಂಡಾಗುತ್ತದೆ, ಬೋರ್ ಇಳಿಯುವುದಿಲ್ಲ. ಮೊದಲು 600 ಮಿ.ಮೀ. ಕೋರ್ ಬ್ಯಾರೆಲ್‌ನಿಂದ ನಡುವೆ ಕೊರೆದು ಒಳಗಿನ ಕಲ್ಲಿನ ದಿಂಡನ್ನು ತಿರುಚಿ ಮುರಿದು ತೆಗೆದೆವು. ಆಮೇಲೆ 1000ದ ರಾಕ್ ಬಕೆಟ್. ಈಗ ನಡುವೆ ಖಾಲಿ ಇರುವುದರಿಂದ ಸುತ್ತಲಿನ ಬಂಡೆ ಒಳಮುಖವಾಗಿ ಒಡೆಯುತ್ತದೆ, ಟಾರ್ಕ್ ಕೂಡ ಕಡಿಮೆ ಸಾಕು. ತಿರುಗುವ ವೇಗ ಕಡಿಮೆ, ಒತ್ತಡ ಜಾಸ್ತಿ. ಬಂಡೆಯಲ್ಲಿ ವೇಗವಾಗಿ ತಿರುಗಿಸುವ ಆಪರೇಟರನ್ನು ಕಂಡರೆ ನಾನು ಹಲ್ಲಿನ ಲೆಕ್ಕ ಕೇಳುತ್ತೇನೆ.

ತಳ ಗುಡಿಸುವುದು

ರಾಕ್ ಬಕೆಟ್ ಬಿಟ್ಟ ತಳ ಸಮತಟ್ಟಾಗಿರುವುದಿಲ್ಲ. ಪೈಲಟ್ ಬಿಟ್ ಇರುವಲ್ಲಿ ನಡುವೆ ಕುಳಿ, ಅಂಚಿನಲ್ಲಿ ಚೂರು ಕಲ್ಲು. ಹಲ್ಲಿಲ್ಲದ, ಚಪ್ಪಟೆ ತಳದ ಕ್ಲೀನಿಂಗ್ ಬಕೆಟ್ ಇಳಿಸಿ, ಒತ್ತದೆ ನಿಧಾನಕ್ಕೆ ತಿರುಗಿಸಿ ಗುಡಿಸಬೇಕು. ಬೆಂಟೊನೈಟಿನಲ್ಲಿ ತೇಲುವ ಮರಳು ಕೆಳಗೆ ಕೂರಲು ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಗುಡಿಸಿದೆವು. ತೂಕ ಕಟ್ಟಿದ ಟೇಪನ್ನು ನಡುವೆ ಮತ್ತು ಅಂಚಿನ ನಾಲ್ಕು ಕಡೆ ಬಿಟ್ಟು ಆಳ ನೋಡುತ್ತೇವೆ. ಕಬ್ಬಿಣದ ಪಂಜರ ಇಳಿಸಿದ ಮೇಲೆ ಟ್ರೆಮಿ ಪೈಪ್ (ತಳದವರೆಗೆ ಇಳಿಸಿ ಕಾಂಕ್ರೀಟ್ ಸುರಿಯುವ ಕೊಳವೆ) ಮೂಲಕ ಹೊಸ ಬೆಂಟೊನೈಟ್ ಹಾಯಿಸಿ ತೊಳೆಯುವುದು ಬೇರೆ ಇದ್ದೇ ಇದೆ, ಆದರೆ ಅದು ಜಲ್ಲಿ ಚೂರನ್ನು ಮೇಲೆತ್ತುವುದಿಲ್ಲ. ಅದು ಕ್ಲೀನಿಂಗ್ ಬಕೆಟ್ಟಿನದೇ ಕೆಲಸ.

ಕಾಂಕ್ರೀಟ್ ಚೀಟಿ

ಟ್ರೆಮಿ ಕಾಂಕ್ರೀಟಿಗೆ ಸ್ಲಂಪ್ (ಕಾಂಕ್ರೀಟ್ ಎಷ್ಟು ತೆಳು ಅನ್ನುವ ಅಳತೆ) 150ರಿಂದ 180 ಮಿ.ಮೀ. ಒಂದು ಮಿಕ್ಸರಿನಲ್ಲಿ 6 ಘನ ಮೀಟರ್ ಬರುತ್ತದೆ. ಬೋರ್ ಸರಿಯಾಗಿ 1000 ಮಿ.ಮೀ. ಇದ್ದರೆ ಒಂದು ಮಿಕ್ಸರಿಗೆ ಕಾಂಕ್ರೀಟ್ 7.6 ಮೀಟರ್ ಏರಬೇಕು. ಹಿಂದಿನ ತಂಡದ ಚೀಟಿಯಲ್ಲಿ ಮೇಲಿನ ಮರಳಿನ ಪದರದಲ್ಲಿ ಅದು 5 ಮೀಟರ್ ಕೂಡ ಏರಿರಲಿಲ್ಲ. 5 ಮೀಟರ್ ಅಂತಲೇ ಹಿಡಿದರೂ ಅಲ್ಲಿ ಬೋರಿನ ಸರಾಸರಿ ವ್ಯಾಸ 1230 ಮಿ.ಮೀ. ದಾಟುತ್ತದೆ. ಮಾರ್ಪಾಡಿನ ಬಕೆಟ್ ಬಳಸಿದ ಮೇಲೆ ಅದೇ ಪದರದಲ್ಲಿ 7 ಮೀಟರ್‌ಗೆ ಹತ್ತಿರ ಏರುತ್ತಿದೆ. ಒಟ್ಟು ಕಾಂಕ್ರೀಟ್ ಒಂದು ಪೈಲ್‌ಗೆ 23 ಘನ ಮೀಟರ್ ಆಸುಪಾಸಿಗೆ ಬಂದಿದೆ. ಸಿಹಿನೀರಿನ ಬೆಂಟೊನೈಟ್, ಎತ್ತರಿಸಿದ ಕೇಸಿಂಗ್, ನಿಧಾನದ ಎತ್ತುವಿಕೆ ಮೂರಕ್ಕೂ ಇದರಲ್ಲಿ ಪಾಲಿದೆ, ಬಕೆಟ್ಟಿಗೆ ಮಾತ್ರ ಅಲ್ಲ. ಶೇಡಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಹೋಗುತ್ತಿದೆ.

ಉಳಿದ ಪೈಲ್‌ಗಳಿಗೆ 900 ಡಬ್ಬಿಯ ಡಬಲ್ ಬಾಟಮ್ ಬಕೆಟ್ಟಿಗೆ ಹೇಳಿದ್ದೇವೆ. ಅದು ಬಂದ ಮೇಲೆ ಮೊದಲು ಶೇಡಿಗೇ ಹಾಕಿ ನೋಡುತ್ತೇನೆ. ಸೈಡ್ ಕಟರ್ ಸವೆದು ಕತ್ತರಿಸುವ ವ್ಯಾಸ 985ಕ್ಕೆ ಇಳಿದರೆ ಸಂದಿಯೂ ಕಡಿಮೆಯಾಗುತ್ತದೆ, ಹಾಗಾಗಿ ಹಾರ್ಡ್ ಫೇಸಿಂಗ್ (ಸವೆದಲ್ಲಿ ಗಟ್ಟಿ ವೆಲ್ಡ್ ಪದರ ಕೊಡುವುದು) ಮಾಡುವ ಮೊದಲು ಮತ್ತು ಆದ ಮೇಲೆ ಕ್ಯಾಲಿಪರ್ ಹಿಡಿದು ವ್ಯಾಸ ಅಳೆದು, ಬಕೆಟ್ಟಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದೇವೆ.